ಟಯರ್ ಒದೆಯುವ ಜಾಗ

ಗಂಗಾವತಿಯಿಂದ ಸಿಂಧನೂರಿಗೆ ಎಷ್ಟು ಸ್ಟಾಪು
ಅಂತ ಡಿಪೋದಾಗ ಕೇಳ್ರಿ, ಹೇಳ್ತಾರ.
ಎಷ್ಟು ಮರೆ ಅದಾವು ಅಂತ ನನ್ನ ಕೇಳ್ರಿ.

ಕಾಲುವೆ ಸೇತುವೆ ದಾಟಿದ ಮ್ಯಾಲ ಜಾಲಿ ಗಿಡ ಒಂದು,
ರೈಸ್ ಮಿಲ್ಲಿನ ಹಿಂದ ಮುರುಕ ಗ್ವಾಡಿ,
ಕಾರಟಗಿ ಸ್ಟ್ಯಾಂಡಿನ್ಯಾಗ ಐದು ರೂಪಾಯಿದು, ಬಾಗಿಲಕ್ಕ ಚಿಲಕಿಲ್ಲ.
ಆಮ್ಯಾಲ ಬರೇ ಭತ್ತ,
ಕಣ್ಣು ಹೋದಲ್ಲಿಮಟ ಹಸುರು, ಕೂಡಾಕ ಜಾಗಿಲ್ಲ.

ಮೂರು ವರ್ಷ ನನ್ನ ಹೊಟ್ಟಿ
ಕೈಯಾಗಿನ ಸೀಟಿ ಕಸಗೊಂಡು ತಾನ ಊದ್ತಿತ್ತು.
ಒಂದು ದಿನ ನೀರು, ನಾಕು ದಿನ ಕಲ್ಲು.
ಉಂಡದ್ದು ಮೈಗೆ ಹತ್ತಲಿಲ್ಲ.
ತೊಡಿ ಸೊರಗಿ, ಖಾಕಿ ಗೂಟಕ್ಕ ತೂಗುಹಾಕಿದಂಗ ಆಗಿ,
ಬಸ್ಸಿನ ಮೊದಲ ಮೆಟ್ಟಲ
ಅಂಜನಾದ್ರಿ ಬೆಟ್ಟ ಆತು.

ಹೊನ್ನೂರಸಾಬಣ್ಣ ಒಂದು ಮಾತು ಕೇಳಲಿಲ್ಲ.
ಕನ್ನಡಿಯಾಗ ನನ್ನ ಮಾರಿ ನೋಡಿ ಬ್ರೇಕ್ ಹಾಕ್ತಿದ್ದ,
"ಟಯರ್ ನೋಡಬೇಕು" ಅಂತ ಇಳಿದು
ಹಿಂದಿನ ಗಾಲಿ ಒದೀತಿದ್ದ, ಒಂದು, ಎರಡು, ಹತ್ತು,
ಬೀಡಿ ಹಚ್ಚತಿದ್ದ, ಮತ್ತ ಒದೀತಿದ್ದ,
ನಾನು ಜಾಲಿ ಮರೆಯಿಂದ ಬರೋಮಟ.
ಮಂದಿ ಬೈದದ್ದು ಟಯರಿಗೆ, ಡಿಪೋಕ್ಕ, ಸರಕಾರಕ್ಕ.
ನನಗಲ್ಲ.

ವಿರುಪಣ್ಣ ವೈದ್ಯರು ನಾಡಿ ಹಿಡಿಯೂದಕ್ಕ ಮೊದಲ
ಡ್ಯೂಟಿ ಚಾರ್ಟ್ ಕೇಳಿದರು.
ಎಷ್ಟೊತ್ತಿಗೆ ಉಣ್ತಿ? ಏನೇನು ತಡಕೊಂತಿ?
"ಎಲ್ಲಾನೂ" ಅಂದೆ.
ಬರೆಯೂದು ಬಿಟ್ಟು ಪೆನ್ನು ಮುಚ್ಚಿಟ್ಟರು.
ಮಾಂಸಕ್ಕ ಆಮ್ಯಾಲ ಬರ್ತೀನವ್ವ, ಅಂದರು,
ಹಸೀ ಕಟಗಿ ತುರುಕಿದ ಒಲಿ ನಿಂದು,
ಹೊಗಿಯಾಗ ರೊಟ್ಟಿ ಬೇಯೂದಿಲ್ಲ.
ಮೊದಲ ಬೆಂಕಿ.
ಇದಕ್ಕ ಗ್ರಹಣಿ ಅಂತಾರಂತ.
ಚಂದ್ರಗ ಹಿಡಿದರ ಊರೆಲ್ಲ ಅಂಗಳಕ್ಕ ಬಂದು ನೋಡ್ತದ,
ನನಗ ಹಿಡಿದದ್ದು ಒಬ್ಬ ಡ್ರೈವರ್ ಕಂಡಿದ್ದ.

ಬೆಣ್ಣಿ ತಗದ ಮಜ್ಜಿಗಿ, ಹುರಿದ ಜೀರಗಿ, ಸುಂಠಿ ಚಿಟಿಕಿ.
ಕುಷ್ಟಗಿ ದಾಳಿಂಬರಿ ಸಿಪ್ಪಿ ಒಣಗಿಸಿ ಕುದಿಸಿದ ಒಗರು;
ಕಾಳು ತಿಂದು ಸಿಪ್ಪಿ ಕಿಟಕ್ಯಾಗಿಂದ ಒಗದ
ವರ್ಷಗಳೆಲ್ಲ ನಾಲಿಗಿಗೆ ಬಂದವು.
ಮಂಡಾಳ ಒಗ್ಗರಣಿ ಸೈ, ಮಿರ್ಚಿ ಬಂದ್.
ಕದ್ದು ಎರಡು ಸಲ ತಿಂದೆ.
ಹೊಟ್ಟಿ ಆವತ್ತ ರಾತ್ರಿ ಹೆಸರು ಹಿಡಿದು ಕರೀತು.

ನಲವತ್ತನೇ ದಿನ ನನ್ನ ಮೌಲಾಬಿಗೆ ಒಪ್ಪಿಸಿದರು.
ಹಾಲು, ಬೇರಿನ ಕಷಾಯ, ಅದರಾಗ ಕುದ್ದ ಕೆಂಪಕ್ಕಿ,
ಅರಿವ್ಯಾಗ ಗಂಟು ಕಟ್ಟಿ ತೊಡಿಗೆ ಒತ್ತಿದಳು.
"ಭತ್ತದ ಸೀಮ್ಯಾಗ ಇದ್ದು
ಅನ್ನ ಹೊರಗಿನಿಂದ ಉಣ್ಣಾಕ ಬಂದೀಯಲ್ಲ ತಂಗೀ" ಅಂತ ನಕ್ಕಳು.
ಉಬ್ಬಿದ ಆಕಿ ಮುಂಗೈ ನರ ನೋಡ್ತಾ ಅತ್ತೆ.
ಮೂರು ವರ್ಷದಾಗ ಈ ಕಾಲನ್ನ
ಯಾರೂ ಅವಸರ ಇಲ್ಲದ ಮುಟ್ಟಿರಲಿಲ್ಲ,
ನಾನೂ ಸೈತ.

ಪೂರಾ ವಾಸಿ ಅಂತ ಹೇಳಂಗಿಲ್ಲ.
ರಜಾ ಸಿಗದಾಗ, ಲೆಕ್ಕದಾಗ ರೊಕ್ಕ ಕಮ್ಮಿ ಬಿದ್ದಾಗ
ಹೊಕ್ಕಳದ ಕೆಳಗ ಹಳೇ ಬೆರಳು ತಿವೀತದ.
ಟಿಕೆಟ್ ಮಷಿನ್ ಜೋಡಿ ಮಜ್ಜಿಗಿ ಬಾಟ್ಲಿನೂ ಹೆಗಲಾಗ ಐತಿ.
ಮೊದಲ ಮೆಟ್ಟಲ ಈಗ ಬರೇ ಮೆಟ್ಟಲ;
ಎರಡನೇದಕ್ಕ ಇನ್ನೂ ಕಂಬಿ ಬೇಕು.

ನಿನ್ನೆ ಜಾಲಿ ಗಿಡ ಬಂತು. ನನಗ ಬೇಕಾಗಿರಲಿಲ್ಲ.
ಹಿಂದಿನ ಸೀಟಿನ್ಯಾಗ ಒಬ್ಬಾಕಿ
ಶ್ರೀರಾಮನಗರದಿಂದ ತುಟಿ ಕಚ್ಚಿ, ಸರಳು ಹಿಡಿದು
ಒಂದೊಂದು ಗಿಡಾನೂ ನೋಡ್ತಿದ್ದಳು.
ಆ ನೋಟ ನನಗ ಬಾಯಿಪಾಠ.

ಒಂದ ಸೀಟಿ ಊದಿದೆ.
ಹೊನ್ನೂರಸಾಬಣ್ಣ ಕನ್ನಡಿಯಾಗ ಹುಬ್ಬು ಏರಿಸಿದ.
"ಟಯರ್" ಅಂದೆ.

ಈ ಸಲ ನಾನ ಇಳಿದು ಒದ್ದೆ.
ಗಾಳಿ ಸರಿ ಇತ್ತು.
ಆಕಿ ಇನ್ನೂ ಬಂದಿರಲಿಲ್ಲ,
ಮತ್ತೊಮ್ಮಿ ಒದ್ದೆ.